ಕಪ್ಪು ರೋಡ್ ಕಿಂಗ್: ಕೊಳ್ಳೋದಾ, ಬಿಡೋದಾ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು. ಈಗ ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲೀಯಲ್ಲಿದ್ದೇನೆ. ವಯಸ್ಸು 44, ಎತ್ತರ ಐದು ಅಡಿ ಆರು ಇಂಚು. ಊರಲ್ಲಿದ್ದಾಗ ಅಪ್ಪನ ಯೆಜ್ಡಿ, ಆಮೇಲೆ ಸೋದರಮಾವನ ಹಳೇ ಬುಲೆಟ್ ಓಡಿಸಿದ್ದೆ. ಇಲ್ಲಿಗೆ ಬಂದ ಮೇಲೆ ಬರೀ ಕಾರು. ಈಗ 2019ರ ಹಾರ್ಲೆ ಡೇವಿಡ್‌ಸನ್ ರೋಡ್ ಕಿಂಗ್ ಸ್ಪೆಷಲ್ ಒಂದು ಕಣ್ಣಿಗೆ ಬಿದ್ದಿದೆ. ಪೂರ್ತಿ ಕಪ್ಪು, 14,000 ಮೈಲಿ ಓಡಿದೆ. ಹೆಂಡತಿ ಜೊತೆ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನುವ ಬೆಟ್ಟದ ರಸ್ತೆ ಸುತ್ತಬೇಕು ಅಂತ ಆಸೆ. ಗೆಳೆಯರು ‘ಅಷ್ಟು ಭಾರದ್ದು ನಿನಗೆ ಬೇಡ, ಕಪ್ಪು ಗಾಡಿ ಯಾರ ಕಣ್ಣಿಗೂ ಬೀಳಲ್ಲ’ ಅಂತಾರೆ. ಕೊಳ್ಳಬಹುದಾ? ಮುಂದೆ ಬೆಂಗಳೂರಿಗೆ ವಾಪಸ್ ಬರುವಾಗ ತರಬಹುದಾ?

ಉತ್ತರ: ಕೊಳ್ಳಬಹುದು. ಆದರೆ ಈ ವಾರ ಬೇಡ. ಮೊದಲು ಇದೇ ಜಾತಿಯ ಗಾಡಿಯೊಂದನ್ನು ಎರಡು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ಹಾರ್ಲೆ ಡೀಲರ್‌ಗಳಲ್ಲೇ ಬಾಡಿಗೆಗೆ ಸಿಗುತ್ತದೆ. ಒಂದು ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಇನ್ನೊಂದು ದಿನ ಹೈವೇಯಲ್ಲಿ ಓಡಿಸಿ. ನಿಮ್ಮ ಗೆಳೆಯರು ಭಾರದ ಬಗ್ಗೆ ಹೇಳಿದ್ದು ಅರ್ಧ ಸರಿ, ಬಣ್ಣದ ಬಗ್ಗೆ ಹೇಳಿದ್ದು ಹೆಚ್ಚುಕಮ್ಮಿ ತಪ್ಪು. ಇನ್ನೊಂದು ಮಾತು ಅವರಿಗೆ ಹೊಳೆದೇ ಇಲ್ಲ. ಅದು ಗಾಳಿ. ಈ ಗಾಡಿಯಲ್ಲಿ ನಿಮಗೂ ನಿಮ್ಮ ಮನೆಯವರಿಗೂ ಕಾಟ ಕೊಡುವುದು ಅದೇ.

ಮೊದಲು ಭಾರ. ಪೆಟ್ರೋಲು, ಎಣ್ಣೆ ಎಲ್ಲ ತುಂಬಿದಾಗ ಇದು 366 ಕೆ.ಜಿ. ತೂಗುತ್ತದೆ. ನಿಮ್ಮ ಮಾವನ ಬುಲೆಟ್‌ನ ಸುಮಾರು ಎರಡರಷ್ಟು. ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ. ಆದರೆ ನೆಟ್ಟಗೆ ನಿಂತ ಬೈಕಿನ ಭಾರವನ್ನು ನೀವು ಹೊರುವುದಿಲ್ಲ, ಟೈರು ಹೊರುತ್ತದೆ. ನಿಮ್ಮ ಕೈಗೆ ಬರುವುದು ವಾಲಿದ ಮೇಲಿನ ಪಾಲು ಮಾತ್ರ. ಒಂದು ಅಂದಾಜು ಲೆಕ್ಕ ಹಾಕೋಣ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಗಾಡಿ 10 ಡಿಗ್ರಿ ವಾಲಿದರೆ ಹ್ಯಾಂಡಲ್‌ನಲ್ಲಿ ತಡೆಯಬೇಕಾದದ್ದು 32 ಕೆ.ಜಿ.ಯಷ್ಟು. ಕಷ್ಟ, ಆದರೂ ಆಗುತ್ತದೆ. 20 ಡಿಗ್ರಿ ವಾಲಿದರೆ 63 ಕೆ.ಜಿ.ಯಷ್ಟು. ಆಗ ನಿಮ್ಮಿಂದ ಆಗಲ್ಲ, ನನ್ನಿಂದಲೂ ಆಗಲ್ಲ. ಅಂದರೆ ಹಿಡಿದುಕೊಳ್ಳಬಹುದು ಅನ್ನುವುದಕ್ಕೂ ಕೈಬಿಟ್ಟೇ ಹೋಯಿತು ಅನ್ನುವುದಕ್ಕೂ ನಡುವೆ ಇರುವ ಜಾಗ ತುಂಬ ಚಿಕ್ಕದು. ಯೆಜ್ಡಿ ವಾಲಿದರೆ ಕಾಲು ಕೊಟ್ಟು ಎತ್ತಿಬಿಡುತ್ತಿದ್ದಿರಿ, ಅಲ್ವಾ? ಆ ಅಭ್ಯಾಸ ಇಲ್ಲಿ ನಡೆಯಲ್ಲ. ಒಂದು ಹಂತ ದಾಟಿತು ಅಂದರೆ ಬಿಟ್ಟುಬಿಡಿ, ಕಾಲು ಹೊರಗೆಳೆದುಕೊಳ್ಳಿ. ಎಂಜಿನ್ ಗಾರ್ಡ್ ಇದೆ. ಗಾಡಿಗೆ ಹೆಚ್ಚೇನೂ ಆಗಲ್ಲ. ತಡೆಯಲು ಹೋದ ಸೊಂಟಕ್ಕೆ, ಕಣಕಾಲಿಗೆ ಆಗುತ್ತದೆ.

ಬಿದ್ದದ್ದನ್ನು ಎತ್ತುವುದಕ್ಕೂ ಒಂದು ರೀತಿ ಇದೆ. ಕಿಲ್ ಸ್ವಿಚ್ ಒತ್ತಿ. ಗೇರ್‌ನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹಾಕಿ. ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಮಗುಚಿಕೊಳ್ಳುತ್ತದೆ. ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಕುಂಡೆ ಒತ್ತಿ ಕೂರಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ ಒಂದು ಕೈಯಲ್ಲಿ ಅದರ ಹಿಡಿ, ಇನ್ನೊಂದು ಕೈಯಲ್ಲಿ ಹಿಂದಿನ ಗಟ್ಟಿ ಕಂಬಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೆ ತಳ್ಳಿ. ಬೆನ್ನು ನೆಟ್ಟಗಿರಬೇಕು, ಕೆಲಸ ಮಾಡುವುದು ತೊಡೆ. ಬಾಡಿಗೆ ಗಾಡಿಯಲ್ಲಿ ಇದನ್ನು ಮಾಡಿ ನೋಡಿ ಅಂತ ಹೇಳುವ ಹಾಗಿಲ್ಲ. ಇಬ್ಬರಿದ್ದರೆ ಇಬ್ಬರೂ ಎತ್ತಿ, ಅದರಲ್ಲಿ ಮಾನ ಹೋಗುವಂಥದ್ದೇನಿಲ್ಲ.

ನಿಮ್ಮ ಎತ್ತರದ ಚಿಂತೆ ಬಿಡಿ. ಸೀಟು ನೆಲದಿಂದ ಸುಮಾರು 27 ಇಂಚು ಅಷ್ಟೇ. ಎರಡೂ ಪಾದ ನೆಲಕ್ಕೆ ಮುಟ್ಟುತ್ತವೆ. ಕಷ್ಟ ಇರುವುದು ಹೊರಡುವಾಗಿನ ಮೊದಲ ಇಪ್ಪತ್ತು ಅಡಿಯಲ್ಲಿ ಮತ್ತು ನಿಲ್ಲಿಸುವಾಗಿನ ಕೊನೆಯ ಇಪ್ಪತ್ತು ಅಡಿಯಲ್ಲಿ. ಹೇರು ತುಂಬಿದ ಎತ್ತಿನ ಗಾಡಿಯ ಹಾಗೆ, ಒಮ್ಮೆ ಗಾಲಿ ಉರುಳಿತು ಅಂದರೆ ಭಾರ ಮರೆತೇಹೋಗುತ್ತದೆ. ಈ ನಲವತ್ತು ಅಡಿಯನ್ನು ಕಲಿಯಲು ಬೇಕಾದ್ದು ಮೂರೇ ಮೂರು: ಹಾಫ್ ಕ್ಲಚ್, ಹಿಂದಿನ ಬ್ರೇಕ್, ಮತ್ತು ಕಣ್ಣು. ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಾಫ್ ಕ್ಲಚ್‌ನಲ್ಲಿ ಎಳೆಯುತ್ತಾ, ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ ಹಿಡಿದರೆ ಗಾಡಿ ನಡಿಗೆಯ ವೇಗದಲ್ಲೂ ಅಲುಗಾಡದೆ ನಿಲ್ಲುತ್ತದೆ. ಇದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್. ಅಷ್ಟೊತ್ತು ಹಾಫ್ ಕ್ಲಚ್ ಹಿಡಿದರೆ ಸುಟ್ಟುಹೋಗುತ್ತೆ ಅನ್ನುವ ಹೆದರಿಕೆ ಬೇಡ. ಮುಂದಿನ ಬ್ರೇಕಿನಿಂದ ಬೆರಳು ತೆಗೆದಿಡಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಿದಿರೋ, ಕೆಳಗೆ. ಈ ಗಾಡಿಯಲ್ಲಿ ಎರಡು ಬ್ರೇಕಿಗೂ ಕೊಂಡಿ ಇದೆ, ಒಂದು ಒತ್ತಿದರೆ ಇನ್ನೊಂದೂ ಹಿಡಿಯುತ್ತದೆ. ಆದರೆ ಅದು ಗಂಟೆಗೆ 20-25 ಮೈಲಿ ದಾಟಿದ ಮೇಲೆ. ಅದಕ್ಕಿಂತ ಕೆಳಗೆ ನೀವು ಒತ್ತಿದ್ದೇ ಹಿಡಿಯುತ್ತದೆ. ತಿರುಗುವಾಗ ಎಲ್ಲಿಗೆ ಹೋಗಬೇಕೋ ಆ ಕಡೆ ಕತ್ತು ತಿರುಗಿಸಿ ನೋಡಿ. ಮುಂದಿನ ಗಾಲಿ ನೋಡಿದರೆ ಅಲ್ಲೇ ಬೀಳುತ್ತೀರಿ.

ನಿಮಗೆ ಮಾತ್ರ ಅನ್ವಯಿಸುವ ಇನ್ನೊಂದು ಎಚ್ಚರಿಕೆ. ಸೋದರಮಾವನ ‘ಹಳೇ ಬುಲೆಟ್’ ಅಂದಿರಿ. ಹಳೇ ಬುಲೆಟ್‌ಗೆ ಗೇರ್ ಬಲಗಾಲಲ್ಲಿ, ಬ್ರೇಕ್ ಎಡಗಾಲಲ್ಲಿ. ಹಾರ್ಲೆಯಲ್ಲಿ ಗೇರ್ ಎಡಕ್ಕೆ, ಬ್ರೇಕ್ ಬಲಕ್ಕೆ. ಯೆಜ್ಡಿಯೂ ಹೀಗೇ ಇತ್ತು, ಹಾಗಾಗಿ ನಿಮ್ಮ ಕಾಲಿಗೆ ಎರಡೂ ಗೊತ್ತು. ಗಾಬರಿಯಾದಾಗ ಯಾವುದು ನೆನಪಿಗೆ ಬರುತ್ತದೆ ಅನ್ನುವುದೇ ಪ್ರಶ್ನೆ. ಸಾಲದ್ದಕ್ಕೆ ಇಲ್ಲಿ ಪಾದ ಇಡಲು ಅಗಲವಾದ ಫುಟ್‌ಬೋರ್ಡ್. ಬ್ರೇಕ್ ಒತ್ತಬೇಕಾದರೆ ಪಾದವನ್ನೇ ಎತ್ತಿ ಪೆಡಲ್ ಮೇಲಿಡಬೇಕು. ನಿಮ್ಮ ರಾಜ್ಯದಲ್ಲಿ ಕಮ್ಯುನಿಟಿ ಕಾಲೇಜುಗಳಲ್ಲಿ ಮೋಟರ್‌ಸೈಕಲ್ ಸುರಕ್ಷತಾ ತರಗತಿ ನಡೆಯುತ್ತದೆ. ಚಿಕ್ಕ ಬೈಕ್ ಕೊಟ್ಟು ಕಲಿಸುತ್ತಾರೆ. ‘ನನಗೆ ಬರುತ್ತೆ ಬಿಡಿ’ ಅನ್ನಬೇಡಿ, ಹೋಗಿ. ಇಷ್ಟು ವರ್ಷ ಬಿಟ್ಟಿದ್ದೀರಿ, ರಸ್ತೆಯ ಬಲಗಡೆಯಲ್ಲಿ ಎರಡು ಚಕ್ರ ಓಡಿಸಿದ್ದೇ ಇಲ್ಲ. ಲೈಸೆನ್ಸಿಗೆ ಮೋಟರ್‌ಸೈಕಲ್ ಎಂಡೋರ್ಸ್‌ಮೆಂಟ್, ಅಂದರೆ ಬೈಕ್ ಓಡಿಸುವ ಅನುಮತಿ, ಹೇಗೂ ಬೇಕು.

ಈಗ ಕಪ್ಪಿನ ವಿಷಯ. ರೋಡ್ ಕಿಂಗ್ ಬಂದದ್ದು 1994ರಲ್ಲಿ. ಅದರ ರೂಪ ಮಾತ್ರ ತುಂಬ ಹಳೆಯದು. ದಪ್ಪ ಮುಂಭಾಗದ ಫೋರ್ಕು 1949ರ ಹೈಡ್ರಾ ಗ್ಲೈಡ್‌ನಿಂದ, ಹೆಡ್‌ಲೈಟನ್ನು ಒಳಗಿಟ್ಟುಕೊಂಡ ಗುಂಡನೆಯ ಕವಚ 1960ರ ಡ್ಯುಯೊ ಗ್ಲೈಡ್‌ನಿಂದ, ಟ್ಯಾಂಕಿನ ಮೇಲೆ ಕೂರಿಸಿದ ಸ್ಪೀಡೊಮೀಟರ್ 1936ರ ಮಾದರಿಯಿಂದ ಬಂದದ್ದು. ಮಾಮೂಲಿ ರೋಡ್ ಕಿಂಗ್ ತುಂಬ ಕ್ರೋಮ್, ಮುಂದೆ ಗಾಳಿ ತಡೆಯುವ ದೊಡ್ಡ ಗಾಜು. 2017ರ ಮಧ್ಯದಲ್ಲಿ ಬಂದ ಸ್ಪೆಷಲ್‌ನಲ್ಲಿ ಗಾಜು ತೆಗೆದರು, ಕ್ರೋಮ್ ಇದ್ದ ಕಡೆಯೆಲ್ಲ ಕಪ್ಪು ಬಳಿದರು, ಹ್ಯಾಂಡಲ್ ಎತ್ತರಿಸಿದರು, ಹಿಂದೆ ಎರಡೂ ಪಕ್ಕದ ಬ್ಯಾಗುಗಳನ್ನು ಕೆಳಕ್ಕೆ ಎಳೆದು ಉದ್ದ ಮಾಡಿದರು, ಮುಂದೆ 19 ಇಂಚಿನ ಗಾಲಿ ಹಾಕಿದರು. ಇದನ್ನು ಹೊಸ ಕಾಲದ ಹುಡುಗರ ಶೋಕಿ ಅಂತ ಹಳಬರು ಮೂಗು ಮುರಿಯುತ್ತಾರೆ. ಹಾರ್ಲೆ ಕಂಪನಿ ಶುರುವಾದದ್ದು 1903ರಲ್ಲಿ. ಮೊದಲ ಬೈಕುಗಳು ಕಪ್ಪೇ ಇದ್ದವು. ಬೂದುಬಣ್ಣ ಬಂದದ್ದು 1906ರಲ್ಲಿ, ಕ್ರೋಮಿನ ಥಳಕು ಅದಕ್ಕೂ ಎಷ್ಟೋ ಆಮೇಲೆ. ಸಂಪ್ರದಾಯದ ಮಾತು ಎತ್ತಿದರೆ ಕಪ್ಪೇ ಹಿರಿಯಣ್ಣ. ನನಗಂತೂ ಈ ಗಾಡಿ ಬಿಸಿಲಲ್ಲಿ ನಿಂತಾಗ ಚೆನ್ನಾಗಿಯೇ ಕಾಣುತ್ತದೆ. ಸಿಲಿಂಡರಿನ ರೆಕ್ಕೆಗಳ ಅಂಚು ಮಾತ್ರ ಬೆಳ್ಳಗೆ ಮಿನುಗುವಂಥದ್ದು ಇನ್ನೂ ಇಷ್ಟ, ಅದು ಬೇರೆ ಮಾತು.

ಕಪ್ಪಿಗೆ ಚಾಕರಿ ಜಾಸ್ತಿ. ಕ್ರೋಮ್ ಮಂಕಾದರೆ ಉಜ್ಜಿ ಹೊಳಪು ತರಬಹುದು. ಕಪ್ಪು ಲೇಪನಕ್ಕೆ ಕಲ್ಲು ಸಿಡಿದು ಚಕ್ಕೆ ಎದ್ದರೆ ಅಡಿಯ ಅಲ್ಯೂಮಿನಿಯಂ ಬಿಳಿಬಿಳಿಯಾಗಿ ತುಕ್ಕು ಹಿಡಿಯುತ್ತದೆ. ಅದನ್ನು ಉಜ್ಜಿ ಸರಿಮಾಡಲು ಆಗಲ್ಲ, ಮತ್ತೆ ಬಳಿಸಬೇಕು. ಸೈಲೆನ್ಸರಿನ ಕಪ್ಪು ಕವಚಕ್ಕೆ ಶೂ ತಾಗಿ ರಬ್ಬರ್ ಅಂಟಿದರೂ ಅದೇ ಕತೆ. ಹೊಳಪಿನ ಕಪ್ಪು ಟ್ಯಾಂಕನ್ನು ಒಣಬಟ್ಟೆಯಲ್ಲಿ ಒರೆಸಿದರೆ ಜೇಡರ ಬಲೆಯಂತೆ ಗೀರು ಬೀಳುತ್ತವೆ. ನೀರು ಹಾಯಿಸಿ, ಆಮೇಲೆ ಮೆತ್ತನೆ ಬಟ್ಟೆ. ನೋಡಲು ಹೋದಾಗ ಟ್ಯಾಂಕಿನ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ. ಹಿಂದಿನ ಮಾಲೀಕ ಗಾಡಿಯನ್ನು ಹೇಗೆ ಸಾಕಿದ್ದಾನೆ ಅಂತ ಅಲ್ಲೇ ಗೊತ್ತಾಗುತ್ತದೆ.

‘ಯಾರ ಕಣ್ಣಿಗೂ ಬೀಳಲ್ಲ’ ಅನ್ನುವುದಕ್ಕೆ ಬರೋಣ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಇದನ್ನೇ ಅಳೆದು ನೋಡಿದ್ದಾರೆ. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಪ್ರತಿಫಲಿಸುವ ಅಥವಾ ಕಣ್ಣು ಕುಕ್ಕುವ ಬಣ್ಣದ ಜಾಕೆಟ್ ಹಾಕಿದವರು ಅಪಘಾತದಲ್ಲಿ ಗಾಯಗೊಳ್ಳುವ ಸಂಭವ ಶೇ. 37ರಷ್ಟು ಕಡಿಮೆ ಇತ್ತು. ಕಪ್ಪು ಹೆಲ್ಮೆಟ್‌ಗೆ ಹೋಲಿಸಿದರೆ ಬಿಳಿ ಹೆಲ್ಮೆಟ್‌ನವರಿಗೆ ಶೇ. 24ರಷ್ಟು ಕಡಿಮೆ. ಹಗಲಲ್ಲೂ ಹೆಡ್‌ಲೈಟ್ ಉರಿಸುವವರಿಗೆ ಶೇ. 27ರಷ್ಟು ಕಡಿಮೆ. ಬೈಕಿನ ಮುಂಭಾಗದ ಬಣ್ಣಕ್ಕೂ ಅಪಾಯಕ್ಕೂ ಮಾತ್ರ ಯಾವ ನಂಟೂ ಕಾಣಲಿಲ್ಲ. ಯಾಕೆ ಅಂತ ಎದುರಿನ ಕಾರಿನಲ್ಲಿ ಕೂತು ಯೋಚಿಸಿ. ಎದುರಿಗೆ ಬರುವ ಬೈಕಿನಲ್ಲಿ ನಿಮಗೆ ಕಾಣುವುದು ಒಂದು ದೀಪ, ಒಂದು ತಲೆ, ಒಂದು ಎದೆ. ಟ್ಯಾಂಕು ಕಾಣುವುದೇ ಇಲ್ಲ. ಆದ್ದರಿಂದ ಗಾಡಿ ಕಪ್ಪಿರಲಿ. ಕಪ್ಪು ಗಾಡಿ, ಕಪ್ಪು ಜಾಕೆಟ್, ಕಪ್ಪು ಹೆಲ್ಮೆಟ್ ಅಂತ ಪೂರ್ತಿ ವೇಷ ಕಟ್ಟಬೇಡಿ ಅಷ್ಟೇ. ಬಿಳಿ ಹೆಲ್ಮೆಟ್ ತಗೊಳ್ಳಿ, ಹಿಂದೆ ಕೂರುವವರಿಗೂ. ನಿಮ್ಮ ರಾಜ್ಯದಲ್ಲಿ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ.

ಇನ್ನು ಗಾಳಿ. ರಾಲೀಯಿಂದ ಪಾರ್ಕ್‌ವೇ ಪಕ್ಕದ ಆಶ್‌ವಿಲ್ ಊರಿಗೆ ಸುಮಾರು 250 ಮೈಲಿ, ಇಂಟರ್‌ಸ್ಟೇಟ್ 40 ಹೈವೇಯಲ್ಲಿ. ಪಾರ್ಕ್‌ವೇ ಮೇಲೆ ವೇಗದ ಮಿತಿ ಹೆಚ್ಚೆಂದರೆ 45 ಮೈಲಿ. ಲಾರಿ ಇಲ್ಲ, ಅವಸರ ಇಲ್ಲ. ಅಲ್ಲಿ ಗಾಜಿಲ್ಲದ ಗಾಡಿ ಸ್ವರ್ಗ. ಆದರೆ ಅಲ್ಲಿಗೆ ತಲುಪಬೇಕಾದರೆ ಅರ್ಧ ದಿನ 70ರ ವೇಗದಲ್ಲಿ ಹೋಗಬೇಕು. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 45ರಲ್ಲಿ ಎದೆಗೆ ಬೀಳುವ ಒತ್ತಡಕ್ಕಿಂತ 70ರಲ್ಲಿ ಬೀಳುವುದು ಎರಡೂವರೆ ಪಟ್ಟಿನ ಹತ್ತಿರ. ಸ್ಪೆಷಲ್‌ನ ಹ್ಯಾಂಡಲ್ ಎತ್ತರ ಬೇರೆ. ಕೈ ಮೇಲೆ, ಕಂಕುಳು ತೆರೆದು, ಎದೆ ಅಗಲ ಮಾಡಿಕೊಂಡು ಕೂತಿರುತ್ತೀರಿ. ಫೋಟೊದಲ್ಲಿ ಭಾರೀ ಗತ್ತು. ಒಂದೂವರೆ ಗಂಟೆ ಕಳೆದ ಮೇಲೆ ಭುಜದ ಹಿಂದೆ, ಕತ್ತಿನ ಬುಡದಲ್ಲಿ ನೋವು ಶುರು. ಹ್ಯಾಂಡಲ್ ಹಿಡಿದಿದ್ದೀರಾ ಅಥವಾ ಅದಕ್ಕೆ ಜೋತುಬಿದ್ದಿದ್ದೀರಾ ಅಂತ ಗೊತ್ತಾಗಲ್ಲ. ಲಾರಿಯ ಪಕ್ಕ ಹಾದಾಗ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದ ಹಾಗಾಗುತ್ತದೆ. ನಡುವೆ ಮಳೆ ಬಂತೋ, ಹನಿ ಬಟ್ಟೆ ದಾಟಿ ಚುಚ್ಚುತ್ತವೆ.

ಹಾಗಾಗಿ ನನ್ನ ಮಾತು ಇದು. ಸ್ಪೆಷಲ್ ಅಂದರೆ ಟೂರಿಂಗ್ ಗಾಡಿಯಿಂದ ಟೂರಿಂಗಿನ ಮುಖ್ಯ ಸಾಮಾನೊಂದನ್ನು ಅಂದಕ್ಕಾಗಿ ಬಿಚ್ಚಿಟ್ಟದ್ದು. ಚಾಸಿ, ಎಂಜಿನ್, ಬ್ಯಾಗು, 22.7 ಲೀಟರ್ ಟ್ಯಾಂಕು ಎಲ್ಲ ದೂರದ ಓಟಕ್ಕೆ ಮಾಡಿದ್ದೇ. ಗಾಜೊಂದಿಲ್ಲ. ಅದನ್ನು ವಾಪಸ್ ಹಾಕಿಸಿ. ತೆಗೆದು ಹಾಕಬಹುದಾದ ಗಾಜು ಸಿಗುತ್ತದೆ. ಗಾಜೂ ಅದು ಕೂರುವ ಕೊಂಡಿಗಳೂ ಪ್ರತ್ಯೇಕ ಖರೀದಿ, ಅದನ್ನು ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಿ. ಆಶ್‌ವಿಲ್‌ವರೆಗೆ ಗಾಜು ಹಾಕಿಕೊಂಡು ಹೋಗಿ, ಹೋಟೆಲಿನಲ್ಲಿ ಬಿಚ್ಚಿಟ್ಟು ಪಾರ್ಕ್‌ವೇ ಹತ್ತಿ. ಗಾಜಿನ ಎತ್ತರ ನಿಮ್ಮ ಮೂಗಿನ ಮಟ್ಟಕ್ಕಿರಲಿ. ನೋಟ ಅದರ ಮೇಲಿನಿಂದ ಹೋಗಬೇಕು, ಗಾಜಿನೊಳಗಿಂದ ಅಲ್ಲ. ತೀರಾ ಗಿಡ್ಡ ಗಾಜು ಹಾಕಿದರೆ ಗಾಳಿ ನೇರ ಹೆಲ್ಮೆಟ್‌ಗೆ ಬಡಿದು ಗಾಜಿಲ್ಲದ್ದಕ್ಕಿಂತ ಜಾಸ್ತಿ ಗದ್ದಲ ಮಾಡುತ್ತದೆ.

ಗಾಜು ಹಾಕಿದರೆ ಕಪ್ಪು ಗಾಡಿಯ ಅಂದವೇ ಹೋಯಿತು ಅನಿಸಿದರೆ ಮಾಮೂಲಿ ರೋಡ್ ಕಿಂಗ್ ಅಥವಾ ಹಾರ್ಲೆಯದೇ ಹೆರಿಟೇಜ್ ಕ್ಲಾಸಿಕ್ 114 ನೋಡಿ. ಹೆರಿಟೇಜ್ ಸುಮಾರು 330 ಕೆ.ಜಿ., ಗಾಜು ಜೊತೆಗೇ ಬರುತ್ತದೆ, ಎಂಜಿನ್ ಅದೇ. ಒಬ್ಬರೇ ಓಡಾಡುವುದು ಜಾಸ್ತಿ ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಬ್ಬರು, ಜೊತೆಗೆ ಸಾಮಾನು ಅಂದರೆ ರೋಡ್ ಕಿಂಗ್‌ನ ದೊಡ್ಡ ಚಾಸಿಯೇ ವಾಸಿ. ‘ಇಂಡಿಯನ್’ ಅನ್ನುವ ಹೆಸರಿನ ಅಮೆರಿಕದ ಕಂಪನಿಯ ಸ್ಪ್ರಿಂಗ್‌ಫೀಲ್ಡ್ ಡಾರ್ಕ್ ಹಾರ್ಸ್ ಕೂಡ ಇದೇ ದಾರಿಯ ಗಾಡಿ. ಅದರಲ್ಲೂ ಗಾಜು ತೆಗೆದು ಕಪ್ಪು ಬಳಿದಿದ್ದಾರೆ. 2020ರಿಂದ ಅದಕ್ಕೆ 1890 ಸಿಸಿ ಎಂಜಿನ್ ಬಂತು. ಗಾಡಿ ಒಳ್ಳೆಯದು, ಆದರೆ ಹಾರ್ಲೆ ಡೀಲರ್ ಸಿಗುವಷ್ಟು ಸುಲಭವಾಗಿ ಆ ಕಂಪನಿಯ ಡೀಲರ್ ಸಿಗಲ್ಲ. ಬಿಎಂಡಬ್ಲ್ಯು ಆರ್ 18 ಕ್ಲಾಸಿಕ್ ಇನ್ನೊಂದು. ಕಪ್ಪಿನ ಮೇಲೆ ಬಿಳಿ ಗೆರೆ, ನೋಡಲು ಬಲು ಚೆಂದ. ಬೇಕಾದರೆ ರಿವರ್ಸ್ ಕೂಡ ಹಾಕಿಸಿಕೊಳ್ಳಬಹುದು. ಎರಡು ಕಡೆ ಚಾಚಿದ ಸಿಲಿಂಡರ್ ಇರುವುದರಿಂದ ಕಾಲು ಮುಂದಕ್ಕೆ ಚಾಚಿ ಕೂರುವ ಸುಖ ಮಾತ್ರ ಇಲ್ಲ.

ಹಿಂದೆ ಕೂರುವವರನ್ನು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅವರ ಅಭಿಪ್ರಾಯ ಇಲ್ಲ. ಸ್ಪೆಷಲ್‌ನ ಹಿಂದಿನ ಸೀಟು ಕಿರಿದು, ಬೆನ್ನಿಗೆ ಆಸರೆ ಇಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಅವರಿಗೆ ಹಿಂದಕ್ಕೆ ಜಾರಿದ ಹಾಗಾಗುತ್ತದೆ, ಏಕೆಂದರೆ ಇದರ ಎಳೆತ ಅಂಥದ್ದು. ಒಂದು ಬ್ಯಾಕ್‌ರೆಸ್ಟ್, ಸ್ವಲ್ಪ ಅಗಲದ ಸೀಟು ಹಾಕಿಸಿ. ಇದು ಶೋಕಿಯ ಖರ್ಚಲ್ಲ. ಇಬ್ಬರು ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಬೇಕು. ಎಡಗಡೆಯ ಬ್ಯಾಗ್ ಬಿಚ್ಚಿದರೆ ಕೈಯಲ್ಲೇ ತಿರುಗಿಸುವ ಗುಂಡಿ ಇದೆ. ತುಂಬ ಜನ ಇದನ್ನು ಮುಟ್ಟುವುದೇ ಇಲ್ಲ. ಆಮೇಲೆ ಗುಂಡಿ ಬಿದ್ದ ರಸ್ತೆಯಲ್ಲಿ ಬೆನ್ನಿಗೆ ಹೊಡೆಯುತ್ತೆ ಅಂತ ಗಾಡಿಯನ್ನು ಬೈಯುತ್ತಾರೆ. ಅವರು ಹತ್ತುವ, ಇಳಿಯುವ ಕ್ರಮವನ್ನೂ ಮಾತಾಡಿಕೊಳ್ಳಿ. ನೀವು ಎರಡೂ ಕಾಲು ಊರಿ, ಮುಂದಿನ ಬ್ರೇಕ್ ಹಿಡಿದು ‘ಹತ್ತು’ ಅಂದ ಮೇಲೆಯೇ ಅವರು ಕಾಲು ಎತ್ತಬೇಕು. ಇಬ್ಬರು ಸೇರಿ ಬೀಳುವ ಪ್ರಸಂಗಗಳಲ್ಲಿ ಹೆಚ್ಚಿನವು ನಿಂತ ಗಾಡಿಯಲ್ಲೇ ಆಗುತ್ತವೆ.

ಎಂಜಿನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2019ರಿಂದ ಸ್ಪೆಷಲ್‌ಗೆ ಮಿಲ್ವಾಕಿ ಎಯ್ಟ್ 114 ಬಂತು. 1868 ಸಿಸಿ, ಎರಡು ಸಿಲಿಂಡರ್, ಎಂಟು ವಾಲ್ವ್, ಒಂದೊಂದು ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್. ಎರಡು ಸಿಲಿಂಡರ್ ನಡುವಿನ ಕೋನ 45 ಡಿಗ್ರಿ, ಎರಡೂ ಕನೆಕ್ಟಿಂಗ್ ರಾಡ್ ಒಂದೇ ಪಿನ್ನಿಗೆ. ಅದಕ್ಕೇ ಸಿಡಿತ ಸಮಸಮ ಬರುವುದಿಲ್ಲ. ಒಂದು ಸಿಡಿತದಿಂದ ಇನ್ನೊಂದಕ್ಕೆ ಕ್ರ್ಯಾಂಕು (ಎಂಜಿನ್ ಒಳಗೆ ತಿರುಗುವ ದಂಡ) 315 ಡಿಗ್ರಿ ತಿರುಗಿದರೆ, ಮುಂದಿನದಕ್ಕೆ 405 ಡಿಗ್ರಿ. ನಿಂತಲ್ಲಿ ಕುಂಟುತ್ತಾ ಬಡಿಯುವ ಆ ಸದ್ದು ಇದರಿಂದಲೇ. ಆ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಕಂಪನಿ 1994ರಲ್ಲಿ ಅರ್ಜಿ ಹಾಕಿತ್ತು. ಬೇರೆ ಕಂಪನಿಗಳು ತಕರಾರು ತೆಗೆದವು, 2000ದಲ್ಲಿ ಹಾರ್ಲೆ ಕೈಬಿಟ್ಟಿತು. ಈ ಎಂಜಿನ್‌ನಲ್ಲಿ ವಾಲ್ವ್ ಅಂತರ ಸರಿಮಾಡುವ ಕೆಲಸ ಇಲ್ಲ, ಚೈನ್ ಬದಲು ಬೆಲ್ಟು. ಎಣ್ಣೆ ಮಾತ್ರ ಮೂರು ಕಡೆ ಬೇರೆ ಬೇರೆ: ಎಂಜಿನ್, ಪ್ರೈಮರಿ (ಎಂಜಿನ್ನಿನ ಶಕ್ತಿಯನ್ನು ಕ್ಲಚ್‌ಗೆ ಮುಟ್ಟಿಸುವ ಭಾಗ), ಗೇರ್‌ಬಾಕ್ಸ್.

ಬಿಸಿ ಇದೆ. ಹಿಂದಿನ ಸಿಲಿಂಡರ್ ನಿಮ್ಮ ತೊಡೆಯ ಕೆಳಗೇ ಇರುತ್ತದೆ. ಓಡುವಾಗ ಗೊತ್ತಾಗಲ್ಲ, ಸಿಗ್ನಲ್‌ನಲ್ಲಿ ಗೊತ್ತಾಗುತ್ತದೆ. ತುಂಬ ಕಾದಾಗ, ನಿಂತಲ್ಲಿ ಹಿಂದಿನ ಸಿಲಿಂಡರನ್ನು ತಾನೇ ಆರಿಸುವ ವ್ಯವಸ್ಥೆ ಇದೆ. ಆಗ ಸದ್ದು ವಿಚಿತ್ರವಾಗುತ್ತದೆ, ಕೆಟ್ಟಿತು ಅಂತ ಹೆದರಬೇಡಿ. ರಾಲೀಯ ಜುಲೈಯಲ್ಲಿ ಜೀನ್ಸ್ ಸಾಕು, ಚಡ್ಡಿ ಸಾಲದು.

ನೀವು ನೋಡಿದ ಗಾಡಿಯನ್ನು ಹೀಗೆ ಪರೀಕ್ಷಿಸಿ. ಮಾಲೀಕನಿಗೆ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ. ಸರ್ವಿಸ್ ಮೊದಲ 1,000 ಮೈಲಿಗೆ, ಆಮೇಲೆ ಪ್ರತಿ 5,000ಕ್ಕೆ. 14,000 ಓಡಿದ ಗಾಡಿಗೆ ಮೂರು ಬಿಲ್ ಇರಬೇಕು. ಕ್ಲಚ್ ಹೈಡ್ರಾಲಿಕ್, ಅದರ ಎಣ್ಣೆ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಗೇರ್ ಹಾಕಿ, ಲಿವರ್ ಒತ್ತಿ ಹಿಡಿದು ಒಂದು ನಿಮಿಷ ನಿಲ್ಲಿ. ಗಾಡಿ ತಾನೇ ತೆವಳಲು ಶುರುಮಾಡಿದರೆ ಬೇಡ. 2017, 18ರ ಮಾದರಿಗಳಿಗೆ ಕ್ಲಚ್ ವಿಷಯದಲ್ಲೇ 2018ರಲ್ಲಿ ದೊಡ್ಡ ರೀಕಾಲ್ ಆಗಿತ್ತು, ಅಂದರೆ ಕಂಪನಿಯೇ ಗಾಡಿಗಳನ್ನು ಸರಿಮಾಡಲು ವಾಪಸ್ ಕರೆಸಿತ್ತು. ನಿಮ್ಮದು 2019, ಆದರೂ ಚಾಸಿ ನಂಬರನ್ನು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿ ನೋಡಿ, ಬಿಟ್ಟಿ. ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ತಪ್ಪದೆ ನೋಡಿ. ಈ ಎಂಜಿನ್ ಬಂದ ಹೊಸತರಲ್ಲಿ ಪ್ರೈಮರಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಸೋರುವ ದೂರು, ಕ್ರ್ಯಾಂಕ್‌ಕೇಸಿನಲ್ಲಿ ಎಣ್ಣೆ ತುಂಬಿಕೊಳ್ಳುವ ದೂರು ಎರಡೂ ಇದ್ದವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರದ್ದು. ಅಂದರೆ ಗಾಡಿಯ ಜೊತೆಗೇ ಬಂದದ್ದು, ಟೈರು ಸವೆಯದೆ ಎಷ್ಟೇ ಉಳಿದಿದ್ದರೂ ಎರಡೂ ಬದಲಿಸಿ. ಬೆಲ್ಟಿನಲ್ಲಿ ಕಲ್ಲು ಸಿಕ್ಕಿ ತೂತಾಗಿದೆಯಾ ನೋಡಲು ಗಾಡಿಯನ್ನು ಮುಂದಕ್ಕೆ ತಳ್ಳುತ್ತಾ ಬೆಲ್ಟು ಪೂರ್ತಿ ಒಂದು ಸುತ್ತು ಬರುವವರೆಗೆ ನೋಡಿ. ಸೈಲೆನ್ಸರ್ ಬದಲಿಸಿದ್ದರೆ ಎಂಜಿನ್ ಕಂಪ್ಯೂಟರಿನ ಟ್ಯೂನಿಂಗ್ ಮಾಡಿಸಿದ್ದಾರಾ ಕೇಳಿ. ಬರೀ ಸದ್ದಿಗಾಗಿ ಪೈಪ್ ಬದಲಿಸಿ ಬಿಟ್ಟಿದ್ದರೆ ಬಿಸಿ ಇನ್ನೂ ಜಾಸ್ತಿ.

ಎರಡು ಪುಟ್ಟ ವಿಷಯ. ಸ್ಪೀಡೊಮೀಟರ್ ಟ್ಯಾಂಕಿನ ಮೇಲಿದೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿದರೆ ತಲೆ ಬಗ್ಗಿಸದೆ ಅದು ಕಾಣಲ್ಲ. ತಿರುವಿನಲ್ಲಿ ನೋಡಲು ಹೋಗಬೇಡಿ. ಇನ್ನೊಂದು, ನಿಲ್ಲಿಸುವಾಗ ಇಳಿಜಾರಿನ ಕಡೆ ಮೂಗು ಮಾಡಿ ನಿಲ್ಲಿಸಬೇಡಿ. ರಿವರ್ಸ್ ಇಲ್ಲ, 366 ಕೆ.ಜಿ.ಯನ್ನು ಏರಿನಲ್ಲಿ ಹಿಂದಕ್ಕೆ ಎಳೆಯಲು ಆಗಲ್ಲ. ಪಾರ್ಕ್‌ವೇಯ ನೋಟದ ಕಟ್ಟೆಗಳಲ್ಲಿ ಇಂಥ ಜಾಗ ಬೇಕಾದಷ್ಟಿವೆ. ಫೋಟೊದ ಆಸೆಗೆ ನುಗ್ಗಿ, ಆಮೇಲೆ ಅಪರಿಚಿತರನ್ನು ‘ಸ್ವಲ್ಪ ತಳ್ಳಿ’ ಅಂತ ಕೇಳುವವರೂ ಬೇಕಾದಷ್ಟು.

ಪಾರ್ಕ್‌ವೇ ಒಟ್ಟು 469 ಮೈಲಿ. ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ. ತುಂಬಿಸಲು ಕೆಳಗಿನ ಊರಿಗೆ ಇಳಿಯಬೇಕು, ಈ ಎಂಜಿನ್‌ಗೆ ಪ್ರೀಮಿಯಂ ಪೆಟ್ರೋಲೇ ಬೇಕು. ಅರ್ಧ ಟ್ಯಾಂಕಿಗೇ ಇಳಿದುಬಿಡಿ. ಸುರಂಗಗಳು 26, ಒಂದು ಬಿಟ್ಟು ಎಲ್ಲ ನಿಮ್ಮ ರಾಜ್ಯದಲ್ಲೇ. ಬಿಸಿಲಿನಿಂದ ಒಳಗೆ ನುಗ್ಗಿದಾಗ ಒಂದು ಕ್ಷಣ ಏನೂ ಕಾಣಲ್ಲ, ಕಪ್ಪು ವೈಸರ್ ಹಾಕಿದ್ದರೆ ಇನ್ನೂ ಕಷ್ಟ. ಅತಿ ಎತ್ತರದ ಜಾಗ 6,053 ಅಡಿ, ಬೇಸಿಗೆಯಲ್ಲೂ ಮೇಲೆ ಚಳಿ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಈ ರಸ್ತೆಯನ್ನು ಅಲ್ಲಲ್ಲಿ ಕಿತ್ತು ಹಾಕಿತ್ತು. ಹೊರಡುವ ಮುಂಚೆ ಯಾವ ಭಾಗ ತೆರೆದಿದೆ ಅಂತ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ನಕ್ಷೆ ನೋಡಿ. ಗೆಳೆಯರು ಡೀಲ್ಸ್ ಗ್ಯಾಪ್ ಅನ್ನುವ ಬೆಟ್ಟದ ರಸ್ತೆಗೆ ಕರೆಯುತ್ತಾರೆ, 11 ಮೈಲಿಯಲ್ಲಿ 318 ತಿರುವು. ಮೊದಲ ವರ್ಷ ಬೇಡ. ಈ ಗಾಡಿ 30 ಡಿಗ್ರಿ ಆಸುಪಾಸು ವಾಲಿದರೆ ಫುಟ್‌ಬೋರ್ಡ್ ರಸ್ತೆಗೆ ಉಜ್ಜುತ್ತದೆ. ಆ ಸದ್ದಿಗೆ ಹೆದರಿ ತಿರುವಿನ ನಡುವೆ ನೆಟ್ಟಗಾದರೆ ಎದುರಿನ ಲೇನ್‌ಗೆ ಹೋಗುತ್ತೀರಿ.

ಕೊನೆಗೆ ಬೆಂಗಳೂರು. ತರಬೇಡಿ. ಸುಂಕ, ಸಾಗಣೆ, ನೋಂದಣಿ, ಓಡಾಟ ಎಲ್ಲ ಸೇರಿದರೆ ಗಾಡಿಯ ಬೆಲೆಯನ್ನೇ ಮರೆಸುತ್ತದೆ. ತಂದರೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆ ಹಿಂದಿನ ಸಿಲಿಂಡರ್ ಜೊತೆ ಕೂರಬೇಕು. ಹಾರ್ಲೆಗೂ ನಮಗೂ ನಂಟು ತಮಾಷೆಯಾಗಿಯೇ ಶುರುವಾಯಿತು. 2007ರಲ್ಲಿ ಭಾರತದ ಮಾವಿನಹಣ್ಣಿಗೆ ಅಮೆರಿಕ ಬಾಗಿಲು ತೆರೆಯಿತು, ಆ ಮಾತುಕತೆಯಲ್ಲೇ ಹಾರ್ಲೆಗೆ ಭಾರತದ ಬಾಗಿಲೂ ತೆರೆಯಿತು. ನಮ್ಮ ಬಾದಾಮಿ ಮಾವಿನ ಬೆಲೆ ಆಗ ಗೊತ್ತಾಯಿತು ಅನ್ನಿ. 2010ರಲ್ಲಿ ಮಾರಾಟ ಶುರು, 2011ರಿಂದ ಹರಿಯಾಣದ ಬಾವಲ್‌ನಲ್ಲಿ ಜೋಡಣೆ. 2020ರಲ್ಲಿ ಅಂಗಡಿ ಮುಚ್ಚಿ, ಮಾರಾಟ ಮತ್ತು ಸರ್ವಿಸನ್ನು ಹೀರೊ ಮೋಟೊಕಾರ್ಪ್‌ಗೆ ವಹಿಸಿದರು. ಅಲ್ಲೇ ಮಾರಿ ಬನ್ನಿ. ಹಳೇ ಗಾಡಿಗೆ ಅಲ್ಲಿ ಗಿರಾಕಿ ಸುಲಭವಾಗಿ ಸಿಗುತ್ತಾನೆ, ಕಂಪನಿಯ ಮೂಲ ಸಾಮಾನು ಜೊತೆಗಿದ್ದರೆ ಇನ್ನೂ ಬೇಗ. ಹಾಗಾಗಿ ಸೀಟು, ಸೈಲೆನ್ಸರ್ ಏನೇ ಬದಲಿಸಿದರೂ ಬಿಚ್ಚಿದ್ದನ್ನು ಎಸೆಯಬೇಡಿ, ಡಬ್ಬಕ್ಕೆ ಹಾಕಿ ಗ್ಯಾರೇಜಿನ ಅಟ್ಟದಲ್ಲಿಡಿ.